ಆಕಾಶದಲ್ಲೊಂದು ಅಂಚೆಕಚೇರಿ

1975ರ ಆಗಸ್ಟಿನಲ್ಲಿ ಶ್ರೀಲಂಕಾದಲ್ಲಿ ಟಿವಿ ಪ್ರಸಾರವೇ ಇರಲಿಲ್ಲ. ಆ ದೇಶದ ಮೊದಲ ಟಿವಿ ಕೇಂದ್ರ ಬಾಗಿಲು ತೆರೆದದ್ದು 1979ರಲ್ಲಿ. ಆದರೂ ಕೊಲಂಬೊದ ಒಂದು ಮನೆಯಲ್ಲಿ ಮಾತ್ರ ಚಿತ್ರ ಮೂಡುತ್ತಿತ್ತು. ನಮ್ಮ ಇಸ್ರೋದ ಇಂಜಿನಿಯರುಗಳು ಸಮುದ್ರ ದಾಟಿ ಹೋಗಿ ಆ ಮನೆಗೆ ದೊಡ್ಡದೊಂದು ಡಿಶ್ ಆಂಟೆನಾ ಕೂರಿಸಿ ಬಂದಿದ್ದರು. ಅದು ಭಾರತ ಸರ್ಕಾರದ ಉಡುಗೊರೆ. ಆ ಪರದೆಯ ಮೇಲೆ ಬರುತ್ತಿದ್ದದ್ದು ಲಂಕೆಯವರಿಗಾಗಿ ಮಾಡಿದ ಕಾರ್ಯಕ್ರಮವಲ್ಲ, ಮನೆಯ ಯಜಮಾನರಿಗೆ ಅರ್ಥವಾಗುವ ಭಾಷೆಯೂ ಅಲ್ಲ. ಹಿಂದಿ, ಒಡಿಯಾ, ತೆಲುಗು, ಕನ್ನಡ ಭಾಷೆಗಳಲ್ಲಿ ಗೊಬ್ಬರ, ಬಿತ್ತನೆ, ಬಾಣಂತಿಯ ಆರೈಕೆ, ಮಕ್ಕಳ ಪಾಠ. ರಾಯಚೂರು, ಗುಲ್ಬರ್ಗ, ಬಿಜಾಪುರ ಜಿಲ್ಲೆಗಳ ಹಳ್ಳಿಗರು ಶಾಲೆಯ ಅಂಗಳದಲ್ಲಿ ಕೂತು ನೋಡುತ್ತಿದ್ದ ಚಿತ್ರವನ್ನೇ ಅದೇ ಕ್ಷಣದಲ್ಲಿ ಕೊಲಂಬೊದ ಒಬ್ಬ ಇಂಗ್ಲಿಷ್ ಸಾಹಿತಿಯೂ ನೋಡುತ್ತಿದ್ದರು. ಅವರ ಹೆಸರು ಆರ್ಥರ್ ಸಿ. ಕ್ಲಾರ್ಕ್.

ಈ ಮರ್ಯಾದೆಗೆ ಕಾರಣವಿತ್ತು. ಆ ಚಿತ್ರ ಹಾದುಬರುತ್ತಿದ್ದ ಆಕಾಶದ ದಾರಿಯನ್ನು ಅವರು ಮೂವತ್ತು ವರ್ಷ ಮೊದಲೇ ಲೆಕ್ಕಹಾಕಿ ಅಚ್ಚಿಗೆ ಕೊಟ್ಟಿದ್ದರು. ಲೋಕ ಅವರನ್ನು ‘2001: ಎ ಸ್ಪೇಸ್ ಒಡಿಸ್ಸಿ’ಯ ಕರ್ತೃವೆಂದು ಬಲ್ಲದು. ಹತ್ತಾರು ಕಾದಂಬರಿ, ನೂರರಷ್ಟು ಸಣ್ಣಕತೆ ಅವರ ಹೆಸರಿನಲ್ಲಿವೆ. ಆದರೆ ನಮ್ಮ ಊರುಗಳವರೆಗೂ ಬಂದು ಮುಟ್ಟಿದ ಬರಹ ಕತೆಯಲ್ಲ, ಒಂದು ರೇಡಿಯೊ ಮಾಸಿಕದಲ್ಲಿ ಬಂದ ನಾಲ್ಕೇ ಪುಟದ ಲೇಖನ.

ಕ್ಲಾರ್ಕ್ ಹುಟ್ಟಿದ್ದು 1917ರ ಡಿಸೆಂಬರ್ 16ರಂದು, ನೈಋತ್ಯ ಇಂಗ್ಲೆಂಡಿನ ಸಾಮರ್ಸೆಟ್ ಸೀಮೆಯ ಮೈನ್‌ಹೆಡ್ ಎಂಬ ಕಡಲತಡಿಯ ಊರಿನಲ್ಲಿ. ಅಪ್ಪ ಅಂಚೆ ಇಲಾಖೆಯ ಇಂಜಿನಿಯರ್, ಅಮ್ಮ ತಂತಿ ಕಳಿಸುವ ಕೆಲಸದಲ್ಲಿದ್ದವರು. ನಮ್ಮ ಹಳೆಯ ಅಂಚೆ-ತಂತಿ ಇಲಾಖೆಯ ಹಾಗೆ ಅಲ್ಲಿಯೂ ಕಾಗದ, ತಂತಿ, ಟೆಲಿಫೋನ್ ಮೂರೂ ಒಂದೇ ಸೂರಿನಡಿ ಇದ್ದವು. ಅಪ್ಪ ಮೊದಲ ಮಹಾಯುದ್ಧದಲ್ಲಿ ವಿಷಾನಿಲ ಕುಡಿದು ಬಂದು, ಬೇಸಾಯಕ್ಕೆ ಇಳಿದು, ಕಡೆಗೂ ಚೇತರಿಸಿಕೊಳ್ಳದೆ 1931ರಲ್ಲಿ ತೀರಿಕೊಂಡರು. ನಾಲ್ಕು ಮಕ್ಕಳಲ್ಲಿ ಆರ್ಥರ್ ಹಿರಿಯ, ವಯಸ್ಸು ಹದಿಮೂರು. ಅಮ್ಮ ಹೊಲಮನೆ ಹಿಡಿದು ಸಂಸಾರ ನಡೆಸಿದರು. ಹುಡುಗ ಬಿಷಪ್ಸ್ ಲಿಡಿಯರ್ಡ್ ಎಂಬ ಹಳ್ಳಿಯ ಅಂಚೆಕಚೇರಿಯಲ್ಲಿ ಕಾಗದ ವಿಂಗಡಿಸುತ್ತ, ಟೆಲಿಫೋನ್ ಸ್ವಿಚ್‌ಬೋರ್ಡ್ ಮುಂದೆ ಕೂತು ಒಂದು ಮನೆಯ ಕರೆಯನ್ನು ಇನ್ನೊಂದಕ್ಕೆ ಜೋಡಿಸುತ್ತ ನಾಲ್ಕು ಕಾಸು ಸಂಪಾದಿಸಿದ. ಮುಂದೆ ಈತ ಇಡೀ ಭೂಮಿಗೆ ಒಂದು ಸ್ವಿಚ್‌ಬೋರ್ಡ್ ಕಲ್ಪಿಸಿದ ಎಂದಾಗ ನನಗೆ ನೆನಪಾಗುವುದು ಈ ಕೆಲಸ. ಕ್ಲಾರ್ಕ್ ಕುರಿತು ಬರೆಯುವವರೆಲ್ಲ ಅವರು ಓದಿದ ಪುಸ್ತಕಗಳಿಂದ ಶುರು ಮಾಡುತ್ತಾರೆ. ಆ ಕುರ್ಚಿಯಿಂದ ಶುರು ಮಾಡುವುದು ಹೆಚ್ಚು ಸರಿಯೇನೋ.

ಪುಸ್ತಕಗಳೂ ಇದ್ದವು, ಇಲ್ಲವೆನ್ನುವುದಿಲ್ಲ. ಅಮೆರಿಕದ ಅಗ್ಗದ ಕಾಗದದ ವಿಜ್ಞಾನಕಥಾ ಪತ್ರಿಕೆಗಳ ಹುಚ್ಚು ಹಿಡಿದಿತ್ತು. ತಾನೇ ಜೋಡಿಸಿದ ದೂರದರ್ಶಕದಿಂದ ಚಂದ್ರನ ನಕ್ಷೆ ಬರೆಯುತ್ತಿದ್ದ. ಮೈನ್‌ಹೆಡ್‌ನ ಸಾರ್ವಜನಿಕ ಗ್ರಂಥಾಲಯದಲ್ಲಿ ಓಲಾಫ್ ಸ್ಟೇಪಲ್ಡನ್ನರ ‘ಲಾಸ್ಟ್ ಆ್ಯಂಡ್ ಫಸ್ಟ್ ಮೆನ್’ ಸಿಕ್ಕಿತು. ಮನುಷ್ಯ ಕುಲದ ಮುಂದಿನ ಇನ್ನೂರು ಕೋಟಿ ವರ್ಷಗಳ ಕಥೆ ಹೇಳುವ ಪುಸ್ತಕ ಅದು. ಅದನ್ನು ಓದಿದ ಮೇಲೆ ಹುಡುಗನಿಗೆ ಶತಮಾನಗಳೆಂದರೆ ಚಿಲ್ಲರೆ ಎನಿಸಿಬಿಟ್ಟಿತು.

ಕಾಲೇಜಿಗೆ ದುಡ್ಡಿರಲಿಲ್ಲ. 1936ರಲ್ಲಿ ಲಂಡನ್ನಿಗೆ ಬಂದು ಸರ್ಕಾರಿ ಲೆಕ್ಕಪರಿಶೋಧನೆ ಇಲಾಖೆಯಲ್ಲಿ ಗುಮಾಸ್ತಿಕೆಗೆ ಸೇರಿದರು. ಶಿಕ್ಷಕರ ಪಿಂಚಣಿ ಕಡತಗಳನ್ನು ಪರಿಶೀಲಿಸುವ ಕೆಲಸ. ಸಂಜೆಯಾದರೆ ಬ್ರಿಟಿಷ್ ಅಂತರಗ್ರಹ ಸಂಘ. 1933ರಲ್ಲಿ ಲಿವರ್‌ಪೂಲಿನಲ್ಲಿ ಹುಟ್ಟಿ ಲಂಡನ್ನಿಗೆ ಸ್ಥಳಾಂತರಗೊಂಡ ಈ ಸಂಘದವರು ಚಂದ್ರನಿಗೆ ಹೋಗುವ ನೌಕೆಯ ವಿನ್ಯಾಸ ಮಾಡುತ್ತಿದ್ದರು. ರಾಕೆಟ್ ಹಾರಿಸಲು ಬ್ರಿಟನ್ನಿನ ಸ್ಫೋಟಕಗಳ ಕಾಯಿದೆ ಬಿಡುತ್ತಿರಲಿಲ್ಲವಾದ್ದರಿಂದ ಹಾರಾಟವೆಲ್ಲ ಕಾಗದದ ಮೇಲೆಯೇ ಮುಗಿಯುತ್ತಿತ್ತು. ಒಂದು ಲೆಕ್ಕದಲ್ಲಿ ಇದು ಒಳ್ಳೆಯದೇ ಆಯಿತು. ಹಾರಿಸಲು ಬಿಡದ ಕಾನೂನು ಅವರಿಗೆ ಗುಣಿಸುವುದನ್ನು, ಭಾಗಿಸುವುದನ್ನು ಚೆನ್ನಾಗಿ ಕಲಿಸಿತು.

ಎರಡನೆಯ ಮಹಾಯುದ್ಧ ಬಂತು. ಕ್ಲಾರ್ಕ್ ವಾಯುಪಡೆಯ ರೇಡಾರ್ ವಿಭಾಗ ಸೇರಿದರು. ಮಂಜು ಕವಿದ ರನ್‌ವೇ ಕಾಣದೆ ಆಕಾಶದಲ್ಲೇ ಸುತ್ತುವ ವಿಮಾನವನ್ನು, ನೆಲದ ಮೇಲೆ ರೇಡಾರ್ ಪರದೆ ನೋಡುತ್ತ ಕೂತವನೊಬ್ಬ ಬರೀ ಮಾತಿನಲ್ಲಿ ಎಡಕ್ಕೆ, ಬಲಕ್ಕೆ, ಇನ್ನಷ್ಟು ಕೆಳಕ್ಕೆ ಎನ್ನುತ್ತ ಇಳಿಸುವ ಹೊಸ ವ್ಯವಸ್ಥೆ ಆಗ ಅಮೆರಿಕದಿಂದ ಬಂದಿತ್ತು. ಅದರ ಹಿಂದಿದ್ದವರು ಮುಂದೆ ನೊಬೆಲ್ ಪಡೆದ ಭೌತವಿಜ್ಞಾನಿ ಲೂಯಿಸ್ ಆಲ್ವರೆಜ್. ಆ ಯಂತ್ರವನ್ನು ಬ್ರಿಟನ್ನಿನಲ್ಲಿ ಪಳಗಿಸಿದ ತಂಡದಲ್ಲಿ ಕ್ಲಾರ್ಕ್ ಇದ್ದರು. ಅವರ ‘ಗ್ಲೈಡ್ ಪಾತ್’ ಕಾದಂಬರಿ ಇದನ್ನೇ ಕುರಿತದ್ದು. ಕಾಣದ ಜಾಗಕ್ಕೆ ರೇಡಿಯೊ ಅಲೆ ಕಳಿಸಿ ಅಲ್ಲಿನ ಸುದ್ದಿ ತರಿಸಿಕೊಳ್ಳುವುದು ಅವರ ದಿನಗೂಲಿಯಾಗಿತ್ತು. ಇತ್ತ ಜರ್ಮನರ ವಿ-2 ರಾಕೆಟ್ಟುಗಳು ಲಂಡನ್ನಿನ ಮೇಲೆ ಬೀಳುತ್ತಿದ್ದವು. ಸಂಘದವರ ಕಾಗದದ ಲೆಕ್ಕ ಸುಳ್ಳಲ್ಲ ಎಂಬುದಕ್ಕೆ ಇದಕ್ಕಿಂತ ಕ್ರೂರವಾದ ಸಾಕ್ಷಿ ಬೇಕಿರಲಿಲ್ಲ.

1945ರ ಅಕ್ಟೋಬರ್ ಸಂಚಿಕೆಯ ‘ವೈರ್‌ಲೆಸ್ ವರ್ಲ್ಡ್’ ಮಾಸಿಕದಲ್ಲಿ ಅವರ ಲೇಖನ ಬಂತು. ಸಂಭಾವನೆ 15 ಪೌಂಡ್. ವಾದ ಸರಳವಾದದ್ದು. ಭೂಮಿಗೆ ಹತ್ತಿರ ಸುತ್ತುವ ವಸ್ತು ಒಂದೂವರೆ ಗಂಟೆಯಲ್ಲಿ ಒಂದು ಸುತ್ತು ಮುಗಿಸುತ್ತದೆ. ದೂರದ ಚಂದ್ರನಿಗೆ ಇಪ್ಪತ್ತೇಳು ದಿನ ಬೇಕು. ಹಾಗಾದರೆ ಇವೆರಡರ ನಡುವೆ ಎಲ್ಲೋ ಒಂದು ಎತ್ತರದಲ್ಲಿ ಸುತ್ತು ಮುಗಿಸಲು ಸರಿಯಾಗಿ ಒಂದು ದಿನ ಹಿಡಿಯಬೇಕು. ಭೂಮಧ್ಯರೇಖೆಯ ಮೇಲೆ ಆ ಎತ್ತರದಲ್ಲಿ ಒಂದು ನಿಲ್ದಾಣ ಕಟ್ಟಿದರೆ ಭೂಮಿ ತಿರುಗಿದಷ್ಟೇ ವೇಗವಾಗಿ ಅದೂ ತಿರುಗುತ್ತ, ಕೆಳಗಿನಿಂದ ನೋಡುವವನಿಗೆ ಆಕಾಶದಲ್ಲಿ ಮೊಳೆ ಹೊಡೆದು ನಿಲ್ಲಿಸಿದಂತೆ ಕಾಣುತ್ತದೆ. ಆ ಎತ್ತರ ನೆಲದಿಂದ ಸುಮಾರು 35,800 ಕಿಲೋಮೀಟರ್. ಅಲ್ಲಿಂದ ಭೂಮಿಯ ಮೂರನೆಯ ಒಂದು ಭಾಗಕ್ಕಿಂತ ಹೆಚ್ಚು ಕಾಣುವುದರಿಂದ ಒಲೆಗೆ ಮೂರು ಕಲ್ಲು ಇಟ್ಟಂತೆ ಭೂಮಿಯ ಸುತ್ತ ಮೂರು ನಿಲ್ದಾಣ ಇಟ್ಟರೆ ಮುಗಿಯಿತು. ಧ್ರುವಗಳ ಆಸುಪಾಸು ಬಿಟ್ಟರೆ ಎಲ್ಲಿಂದ ಎಲ್ಲಿಗಾದರೂ ಮಾತು, ಚಿತ್ರ ದಾಟಿಸಬಹುದು. ಸಮುದ್ರದಡಿ ತಂತಿ ಬೇಡ, ವಾಯುಮಂಡಲದ ಮರ್ಜಿಗೆ ಕಾಯುವುದೂ ಬೇಡ. ಅದೇ ವರ್ಷದ ಆರಂಭದಲ್ಲಿ ಅದೇ ಪತ್ರಿಕೆಗೆ ಬರೆದ ಪತ್ರವೊಂದರಲ್ಲಿ ಇದಕ್ಕೆಲ್ಲ ಅರ್ಧ ಶತಮಾನ ಬೇಕಾದೀತು ಎಂದು ಅವರು ಅಂದಾಜು ಮಾಡಿದ್ದರು.

ಲೆಕ್ಕ ತಪ್ಪಲಿಲ್ಲ. ತಪ್ಪಿದ್ದು ಮನುಷ್ಯರ ವಿಷಯ. ಕ್ಲಾರ್ಕ್ ಕಲ್ಪಿಸಿದ ನಿಲ್ದಾಣದಲ್ಲಿ ಸಿಬ್ಬಂದಿ ಇದ್ದರು. ಆ ಕಾಲದ ರೇಡಿಯೊಗಳಲ್ಲಿ ಗಾಜಿನ ವಾಲ್ವ್‌ಗಳು ಸುಟ್ಟುಹೋಗುತ್ತಿದ್ದದ್ದು ಹಳೆಯ ತಲೆಮಾರಿನವರಿಗೆ ನೆನಪಿರಬೇಕು. ಅವನ್ನು ಬದಲಿಸಲು ಮೇಲೆ ಯಾರಾದರೂ ಇರಲೇಬೇಕಲ್ಲ! ವಿದ್ಯುತ್ತಿಗಾಗಿ ಕನ್ನಡಿಗಳಿಂದ ಬಿಸಿಲು ಹಿಡಿದು ಉಗಿಯಂತ್ರ ಓಡಿಸುವ ಮಾತೂ ಲೇಖನದಲ್ಲಿದೆ. ಎರಡೇ ವರ್ಷದಲ್ಲಿ, 1947ರ ಡಿಸೆಂಬರಿನಲ್ಲಿ, ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಟ್ರಾನ್ಸಿಸ್ಟರ್ ಹುಟ್ಟಿ ಆಕಾಶದ ಆ ಸಿಬ್ಬಂದಿಯ ನೌಕರಿಯನ್ನು ಮೊದಲೇ ಕಸಿದುಕೊಂಡಿತು.

‘ಸಂಪರ್ಕ ಉಪಗ್ರಹದ ಜನಕ’ ಎಂಬ ಬಿರುದನ್ನು ಕ್ಲಾರ್ಕ್ ಹೆಸರಿನ ಜೊತೆ ಅಂಟಿಸುವುದು ರೂಢಿ. ಅದನ್ನು ಸ್ವಲ್ಪ ಸಡಿಲಗೊಳಿಸುವುದು ಒಳ್ಳೆಯದು. ಆ ಕಕ್ಷೆಯ ಬಗ್ಗೆ ಹರ್ಮನ್ ನೋರ್ಡುಂಗ್ ಎಂಬ ಹೆಸರಿನಲ್ಲಿ ಬರೆಯುತ್ತಿದ್ದ ಸ್ಲೊವೀನಿಯಾ ಮೂಲದ ಇಂಜಿನಿಯರ್ ಪೊಟೊಚ್ನಿಕ್ 1920ರ ದಶಕದ ಕೊನೆಗೇ ಪುಸ್ತಕ ಬರೆದಿದ್ದರು. ಕ್ಲಾರ್ಕ್ ಅದನ್ನು ತಮ್ಮ ಲೇಖನದಲ್ಲೇ ಹೆಸರಿಸಿದ್ದಾರೆ. ಕೆಲಸ ಮಾಡುವ ಉಪಗ್ರಹಗಳನ್ನು ಕಟ್ಟಿದವರು ಬೆಲ್ ಪ್ರಯೋಗಾಲಯದ ಜಾನ್ ಪಿಯರ್ಸ್, ಹ್ಯೂಸ್ ಕಂಪನಿಯ ಹೆರಾಲ್ಡ್ ರೋಸೆನ್ ಅವರಂಥ ಇಂಜಿನಿಯರುಗಳು. ತಮಾಷೆಯೆಂದರೆ ಪಿಯರ್ಸ್ ಕೂಡ ಗುಪ್ತನಾಮದಲ್ಲಿ ವಿಜ್ಞಾನ ಕತೆ ಬರೆಯುತ್ತಿದ್ದವರೇ. ಕ್ಲಾರ್ಕ್ ಅವರದೇ ಆದ ಕಾಣಿಕೆ ಎಂದರೆ ಆ ಕಕ್ಷೆಯನ್ನು ಅಂಚೆ-ತಂತಿಯ ಕಣ್ಣಿನಿಂದ ನೋಡಿದ್ದು, ಮೂರು ನಿಲ್ದಾಣ ಸಾಕು ಎಂದು ಲೆಕ್ಕ ಕೊಟ್ಟಿದ್ದು. ಪೇಟೆಂಟ್ ಮಾಡಿಸಲಿಲ್ಲ. ಬಿಡುವಿನ ವೇಳೆಯಲ್ಲಿ ನೂರು ಕೋಟಿ ಡಾಲರ್ ಕಳೆದುಕೊಂಡೆ ಎಂದು ಆಮೇಲೆ ತಾವೇ ಪ್ರಬಂಧ ಬರೆದು ನಗಾಡಿಕೊಂಡರು. ಮಾಡಿಸಿದ್ದರೂ ಲಾಭವಿರಲಿಲ್ಲವೆನ್ನಿ. ಆಗಿನ ಅಮೆರಿಕದ ಪೇಟೆಂಟಿನ ಆಯುಷ್ಯ ಹದಿನೇಳು ವರ್ಷ. ಮೊದಲ ಭೂಸ್ಥಿರ ಉಪಗ್ರಹ ‘ಸಿಂಕಾಮ್-3’ ಹಾರಿದ್ದು 1964ರ ಆಗಸ್ಟಿನಲ್ಲಿ.

ಯುದ್ಧ ಮುಗಿದ ಮೇಲೆ ಲಂಡನ್ನಿನ ಕಿಂಗ್ಸ್ ಕಾಲೇಜಿನಲ್ಲಿ ಗಣಿತ-ಭೌತಶಾಸ್ತ್ರಗಳಲ್ಲಿ ಪ್ರಥಮ ದರ್ಜೆಯ ಪದವಿ, ಬಳಿಕ ಭೌತವಿಜ್ಞಾನದ ಸಾರಸಂಗ್ರಹ ಪತ್ರಿಕೆಯೊಂದರ ಸಹಾಯಕ ಸಂಪಾದಕತ್ವ, ಅಷ್ಟರಲ್ಲಿ ಪುಸ್ತಕಗಳು ಅನ್ನ ಕೊಡತೊಡಗಿದವು. 1953ರ ‘ಚೈಲ್ಡ್‌ಹುಡ್ಸ್ ಎಂಡ್’ ಹೆಸರು ತಂದಿತು. ಆಸ್ಟ್ರೇಲಿಯಾದ ಹವಳದ ದಿಬ್ಬಗಳಿಗೆ ಹೊರಟ ಹಡಗು 1954ರ ಡಿಸೆಂಬರಿನಲ್ಲಿ ಕೊಲಂಬೊ ಬಂದರಿನಲ್ಲಿ ತಂಗಿದಾಗ ಅರ್ಧ ದಿನ ಊರು ನೋಡಿದರು. 1956ರಲ್ಲಿ ವಾಸಕ್ಕೇ ಬಂದುಬಿಟ್ಟರು. ನೀರಿನಡಿ ಈಜುವ ಗೀಳು ಇದಕ್ಕೆ ಮುಖ್ಯ ಕಾರಣ. ತೂಕವಿಲ್ಲದ ಅನುಭವ ಭೂಮಿಯ ಮೇಲೆ ಸಿಗುವುದು ಸಮುದ್ರದೊಳಗೆ ಮಾತ್ರ ಎನ್ನುವುದು ಅವರ ಸಮಜಾಯಿಷಿ. 1961ರಲ್ಲಿ ಅವರ ಪಾಲುದಾರ ಮೈಕ್ ವಿಲ್ಸನ್ ಲಂಕೆಯ ಆಗ್ನೇಯಕ್ಕಿರುವ ಗ್ರೇಟ್ ಬೇಸಸ್ ಬಂಡೆಸಾಲಿನ ಬಳಿ ಮುಳುಗಿದ ಹಡಗೊಂದನ್ನು ಕಂಡರು. ಅದರಲ್ಲಿ ಗಂಟುಗಂಟಾಗಿ ಬೆಳ್ಳಿ ರೂಪಾಯಿಗಳಿದ್ದವು, ಔರಂಗಜೇಬನ ಕಾಲದ ಸೂರತ್ ಟಂಕಸಾಲೆಯವು. ಆಕಾಶದಲ್ಲಿ ನೂರು ಕೋಟಿ ಕಳೆದುಕೊಂಡವರಿಗೆ ಸಮುದ್ರ ಇಷ್ಟಾದರೂ ಕೊಟ್ಟಿತು. 1962ರಲ್ಲಿ ಮೈ ಸ್ವಾಧೀನ ತಪ್ಪಿತು. ಅದು ಪೋಲಿಯೊ ಎಂದು ಗೊತ್ತಾದದ್ದು ಬಹಳ ತಡವಾಗಿ. ಚೇತರಿಸಿಕೊಂಡರೂ ಕೊನೆಯ ವರ್ಷಗಳನ್ನು ಗಾಲಿಕುರ್ಚಿಯಲ್ಲಿ ಕಳೆದರು.

‘2001’ ಚಿತ್ರದ ನಿರ್ದೇಶಕ ಸ್ಟ್ಯಾನ್ಲಿ ಕ್ಯೂಬ್ರಿಕ್ ಜೊತೆಗಿನ ಸಹವಾಸದ ಕಥೆ ಎಲ್ಲರೂ ಬಲ್ಲದ್ದು. 1964ರಲ್ಲಿ ನ್ಯೂಯಾರ್ಕಿನಲ್ಲಿ ಭೇಟಿ, 1948ರಲ್ಲಿ ಬರೆದ ಸಣ್ಣಕತೆಯೊಂದರಿಂದ ಬೆಳೆದ ಚಿತ್ರಕಥೆ, 1968ರ ಏಪ್ರಿಲಿನಲ್ಲಿ ಬಿಡುಗಡೆ. ಅದರ ಬಗ್ಗೆ ಬರೆದ ಪುಸ್ತಕಗಳೇ ಒಂದು ಕಪಾಟು ತುಂಬುತ್ತವೆ, ಇಲ್ಲಿ ಬೇಡ.

ನನಗೆ ಹೆಚ್ಚು ಕುತೂಹಲದ್ದು 1960ರಲ್ಲಿ ಪ್ರಕಟವಾದ ‘ಐ ರಿಮೆಂಬರ್ ಬ್ಯಾಬಿಲಾನ್’ ಎಂಬ ಕತೆ. ಅದರ ನಿರೂಪಕ ಸಾಕ್ಷಾತ್ ಆರ್ಥರ್ ಕ್ಲಾರ್ಕ್, ಜಾಗ ಕೊಲಂಬೊ. ರಾಯಭಾರ ಕಚೇರಿಯ ಔತಣದಲ್ಲಿ ಒಬ್ಬ ಅಪರಿಚಿತ ಎದುರಾಗಿ, ನಿನ್ನ ಉಪಗ್ರಹದ ಯೋಚನೆಯನ್ನು ನಾವು ಬಳಸಿಕೊಳ್ಳುತ್ತಿದ್ದೇವೆ ಎನ್ನುತ್ತಾನೆ. ಅಮೆರಿಕದ ಪ್ರತಿ ಮನೆಗೂ ಆಕಾಶದಿಂದ ನೇರ ಪ್ರಸಾರ, ಯಾವ ಸೆನ್ಸಾರೂ ತಡೆಯಲಾರದು. ಸೆಳೆಯಲು ಕಾಮ, ಕ್ರೌರ್ಯ. ಸೆಳೆದ ಮೇಲೆ ರಾಜಕೀಯದ ಉಪದೇಶ. ಮಾದರಿಗೆಂದು ಅವನು ತೋರಿಸುವ ಚಿತ್ರ ಕೊನಾರ್ಕದ ಶಿಲ್ಪಗಳದ್ದು! ಉಪಗ್ರಹ ಟಿವಿಯಿಂದ ದೇಶದೇಶಗಳು ಒಂದಾಗುತ್ತವೆ, ಅಜ್ಞಾನ ಓಡುತ್ತದೆ ಎಂದು ವೇದಿಕೆಗಳಲ್ಲಿ ಹೇಳುತ್ತಿದ್ದ ಅದೇ ಮನುಷ್ಯ ಕತೆ ಬರೆಯಲು ಕೂತಾಗ ಇದನ್ನು ಕಂಡಿದ್ದರು. ಆಕಾಶದ ವಿಷಯಕ್ಕೆ ಲೆಕ್ಕಿಗ ಕ್ಲಾರ್ಕ್ ಅವರನ್ನು ನಂಬಬೇಕು. ಮನುಷ್ಯರ ವಿಷಯಕ್ಕೆ ಬಂದರೆ ಭಾಷಣಕಾರ ಕ್ಲಾರ್ಕ್‌ಗಿಂತ ಕತೆಗಾರ ಕ್ಲಾರ್ಕ್ ಹೆಚ್ಚು ಬಲ್ಲವರು. ಇವತ್ತು ಮನೆಯ ಪರದೆಯ ಮೇಲೆ ರಾತ್ರಿ ಒಂಬತ್ತರ ಕೂಗಾಟ ನೋಡುವ ಯಾರಿಗೂ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಆದರೂ ಭಾಷಣಕಾರನ ಕನಸನ್ನು ಅಕ್ಷರಶಃ ನಂಬಿದ ಒಬ್ಬರಿದ್ದರು, ನಮ್ಮ ಬಾಹ್ಯಾಕಾಶ ಕಾರ್ಯಕ್ರಮದ ಹರಿಕಾರ ವಿಕ್ರಂ ಸಾರಾಭಾಯಿ. ಆರಂಭದ ಉಪಗ್ರಹಗಳ ಸಂಕೇತ ಎಷ್ಟು ಕ್ಷೀಣವೆಂದರೆ ಅದನ್ನು ಹಿಡಿಯಲು ಬಹುಮಹಡಿ ಕಟ್ಟಡದ ಗಾತ್ರದ ಡಿಶ್ ಬೇಕಿತ್ತು. ಅವು ಸರ್ಕಾರದಿಂದ ಸರ್ಕಾರಕ್ಕೆ, ಕಂಪನಿಯಿಂದ ಕಂಪನಿಗೆ ಮಾತು ಸಾಗಿಸಿದವು. 1945ರ ಲೇಖನದಲ್ಲಿ ಕೇಳುಗನ ಮನೆಗೇ ನೇರವಾಗಿ ತಲುಪುವ ಪ್ರಸಾರವಿತ್ತು. ಅದು ಎಲ್ಲಿಯೂ ಆಗಿರಲಿಲ್ಲ. ಊರೂರಿಗೆ ಟವರ್ ಕಟ್ಟುತ್ತ ಕೂತರೆ ಹಳ್ಳಿಗೆ ಟಿವಿ ಬರಲು ದಶಕಗಳೇ ಬೇಕು, ಮೇಲಿನಿಂದ ಸುರಿದರೆ ದಿಲ್ಲಿಗೂ ಒಂದೇ, ದೇವದುರ್ಗಕ್ಕೂ ಒಂದೇ ಎಂಬುದು ಸಾರಾಭಾಯಿ ಅವರ ಸರಳ ಲೆಕ್ಕ. 1969ರ ಸೆಪ್ಟೆಂಬರಿನಲ್ಲಿ, ಉಪಗ್ರಹವೊಂದನ್ನು ಎರವಲು ಪಡೆಯಲು, ನಾಸಾ ಜೊತೆ ಒಪ್ಪಂದವಾಯಿತು. 1971ರ ಡಿಸೆಂಬರಿನಲ್ಲಿ ಅವರು ತೀರಿಕೊಂಡರು. ಕೆಲಸ ಇಸ್ರೋದ ಯಶ್‌ಪಾಲ್, ಚಿಟ್ನಿಸ್ ಮತ್ತು ಅಹಮದಾಬಾದಿನ ತರುಣ ಇಂಜಿನಿಯರುಗಳ ಹೆಗಲೇರಿತು. ಕ್ಲಾರ್ಕ್ ಇದನ್ನು ದೂರದಿಂದ ಕಣ್ಣಿಟ್ಟು ನೋಡುತ್ತಿದ್ದರು, ಪಾಠ ಹೇಳುವ ಉಪಗ್ರಹ ಎಂದು ಹೊಗಳಿ ಬರೆದರು.

ನಾಸಾದ ‘ಎಟಿಎಸ್-6’ ಹಾರಿದ್ದು 1974ರ ಮೇ 30ರಂದು. ಮಡಿಸಿಟ್ಟು ಕಕ್ಷೆಯಲ್ಲಿ ಬಿಚ್ಚಿಕೊಂಡ ಅದರ ಆಂಟೆನಾ 9 ಮೀಟರ್ ಅಗಲ. ಮೇಲಿನದು ಅಷ್ಟು ದೊಡ್ಡದಾದ್ದರಿಂದ ಕೆಳಗಿನದು ಚಿಕ್ಕದಾದರೂ ನಡೆಯುತ್ತಿತ್ತು. ಒಂದು ವರ್ಷ ಅಮೆರಿಕದ ಕೆಲಸ ಮಾಡಿದ ಮೇಲೆ ಅದನ್ನು ಕಕ್ಷೆಯಲ್ಲೇ ಸರಿಸಿ ಪೂರ್ವ ಆಫ್ರಿಕಾದ ನೆತ್ತಿಗೆ ತಂದು ನಿಲ್ಲಿಸಿದರು. ಆರು ರಾಜ್ಯಗಳ 20 ಜಿಲ್ಲೆಗಳ ಸುಮಾರು 2,400 ಹಳ್ಳಿಗಳಲ್ಲಿ ಮೂರು ಮೀಟರ್ ಅಗಲದ ಡಿಶ್‌ಗಳು ಎದ್ದವು. ಕೋಳಿಗೂಡಿಗೆ ಹಾಕುವ ತಂತಿಬಲೆಯಿಂದ ಮಾಡಿದವು, ಗಾಳಿಗೆ ತೂತು, ರೇಡಿಯೊ ಅಲೆಗೆ ಗೋಡೆ. ನಮ್ಮ ಮೂರು ಜಿಲ್ಲೆಗಳಲ್ಲಿ ಅವು ಪಡುವಣಕ್ಕೆ ಮುಖಮಾಡಿ ತುಸು ತೆಂಕಣಕ್ಕೆ ವಾಲಿ ನಿಂತವು. 1975ರ ಆಗಸ್ಟ್ 1ರಂದು ಪ್ರಸಾರ ಆರಂಭವಾಯಿತು. ದಿನಕ್ಕೆ ನಾಲ್ಕು ಗಂಟೆ, ಬೆಳಿಗ್ಗೆ ಒಂದೂವರೆ ಗಂಟೆ ಶಾಲೆಯ ಮಕ್ಕಳಿಗೆ, ಸಂಜೆ ಎರಡೂವರೆ ಗಂಟೆ ಊರಿಗೆಲ್ಲ. ಪ್ರತಿ ಊರಿಗೂ ಒಂದೇ ಪೆಟ್ಟಿಗೆ, ಸಾಮಾನ್ಯವಾಗಿ ಶಾಲೆಯಲ್ಲಿ ಇಲ್ಲವೇ ಪಂಚಾಯಿತಿ ಕಚೇರಿಯಲ್ಲಿ.

ಕರೆಂಟೇ ಸರಿಯಾಗಿ ಬಾರದ ಊರುಗಳಿಗೆ, ಸಿನಿಮಾ ಟೆಂಟು ಕಂಡರೆ ಹಬ್ಬವೆನ್ನುತ್ತಿದ್ದ ಜನಕ್ಕೆ ಟಿವಿ ಬಂತು. ಬೆಂಗಳೂರಿಗೆ ಇನ್ನೂ ಬಂದಿರಲಿಲ್ಲ! ರಾಜಧಾನಿಯಲ್ಲಿ ದೂರದರ್ಶನ ಕೇಂದ್ರ ಶುರುವಾದದ್ದು 1981ರಲ್ಲಿ. ಹಿಂದುಳಿದ ಸೀಮೆ ಎಂದು ಮೈಸೂರು-ಬೆಂಗಳೂರಿನವರು ಮೂಗು ಮುರಿಯುವ ಹೈದರಾಬಾದ್ ಕರ್ನಾಟಕದ ರೈತರು ಅವರಿಗಿಂತ ಆರು ವರ್ಷ ಮೊದಲೇ, ಅದೂ ನೇರ ಉಪಗ್ರಹದಿಂದ ಚಿತ್ರ ನೋಡಿದರು. ಕರ್ನಾಟಕದ ಇತಿಹಾಸ ಬರೆಯುವವರು ಈ ಸಂಗತಿಗೆ ಒಂದು ಅಡಿಟಿಪ್ಪಣಿಯನ್ನೂ ಕೊಡುವುದಿಲ್ಲ ಎಂಬ ಸಿಟ್ಟು ನನಗಿದೆ.

ಬ್ಯಾಬಿಲಾನಿನ ನೆರಳು ಇದರ ಮೇಲೂ ಇತ್ತು. ತುರ್ತುಪರಿಸ್ಥಿತಿ ಹೇರಿ ಐದು ವಾರವಾಗಿತ್ತಷ್ಟೆ. ಕಾರ್ಯಕ್ರಮ ಮಾಡುತ್ತಿದ್ದದ್ದು ಸರ್ಕಾರದ ಆಕಾಶವಾಣಿ, ಹೇಳುವವರು ದೂರದ ನಗರದ ಸ್ಟುಡಿಯೊದಲ್ಲಿ, ಕೇಳುವವರು ಮಾನ್ವಿಯ ಎರೆಹೊಲದಲ್ಲಿ. ಎದುರು ಮಾತಾಡಲು ಪೆಟ್ಟಿಗೆಯಲ್ಲಿ ದಾರಿಯಿರಲಿಲ್ಲ. ಆದರೆ ಆ ಇಂಜಿನಿಯರುಗಳ ಶ್ರದ್ಧೆಯನ್ನು ಈ ಒಂದು ಕಾರಣಕ್ಕೆ ತಳ್ಳಿಹಾಕಲಾಗದು. ಹಳ್ಳಿಯಿಂದ ಹಳ್ಳಿಗೆ ಜೀಪಿನಲ್ಲಿ ಓಡಾಡಿ ಪೆಟ್ಟಿಗೆ ರಿಪೇರಿ ಮಾಡಿದವರು, ಜನ ಏನು ನೋಡಿದರು, ಏನು ಮರೆತರು ಎಂದು ಊರಲ್ಲೇ ಕೂತು ಬರೆದುಕೊಂಡ ಸಮಾಜವಿಜ್ಞಾನಿಗಳು ಮುಂದೆ ನಮ್ಮದೇ ಇನ್ಸಾಟ್ ಉಪಗ್ರಹಗಳ ಸರಣಿಗೆ ಅಡಿಪಾಯ ಹಾಕಿದರು.

1976ರ ಜುಲೈ 31ಕ್ಕೆ ಒಂದು ವರ್ಷದ ಗಡುವು ಮುಗಿಯಿತು. ಅಮೆರಿಕದವರು ತಮ್ಮ ಉಪಗ್ರಹವನ್ನು ಮರಳಿ ಒಯ್ದರು. ತಂತಿಬಲೆಯ ಡಿಶ್‌ಗಳು ಖಾಲಿ ಆಕಾಶಕ್ಕೆ ಮುಖಮಾಡಿ ನಿಂತವು, ಕೊಲಂಬೊದ ಮನೆಯದೂ ಅಷ್ಟೆ. 1977ರಲ್ಲಿ ಗುಲ್ಬರ್ಗದಲ್ಲಿ ಪ್ರಸಾರ ಗೋಪುರ ಎದ್ದಾಗ ಅದರ ಸುತ್ತಲಿನ ಊರುಗಳಿಗಷ್ಟೇ ಟಿವಿ ಮರಳಿ ಬಂತು.

ಕ್ಲಾರ್ಕ್ ಮತ್ತೆ ಅದೇ ಕಕ್ಷೆಗೆ ಹೋದರು, ಈ ಸಲ ಕಾದಂಬರಿಕಾರನಾಗಿ. 1979ರ ‘ದಿ ಫೌಂಟನ್ಸ್ ಆಫ್ ಪ್ಯಾರಡೈಸ್’ನಲ್ಲಿ ಇಂಜಿನಿಯರೊಬ್ಬ ಭೂಸ್ಥಿರ ಕಕ್ಷೆಯಿಂದ ನೆಲದವರೆಗೆ ಕೇಬಲ್ ಇಳಿಬಿಟ್ಟು ಆಕಾಶಕ್ಕೆ ಲಿಫ್ಟ್ ಕಟ್ಟುತ್ತಾನೆ. ಲಿಫ್ಟಿನ ಬುಡಕ್ಕೆ ಬೇಕಾದ ಪವಿತ್ರ ಬೆಟ್ಟದ ಮೇಲೆ ಬೌದ್ಧ ಭಿಕ್ಷುಗಳ ಮಠವಿದೆ, ಅವರು ಜಾಗ ಬಿಡುವುದಿಲ್ಲ. ಶ್ರೀಪಾದ ಬೆಟ್ಟ, ಸಿಗಿರಿಯ ಕೋಟೆ ಎರಡೂ ಅಲ್ಲಿ ಬೇರೆ ಹೆಸರಿನಲ್ಲಿ ಬರುತ್ತವೆ. ಲಿಫ್ಟು ಭೂಮಧ್ಯರೇಖೆಯ ಮೇಲೆಯೇ ನಿಲ್ಲಬೇಕಾದ್ದರಿಂದ ಲೇಖಕರು ಶ್ರೀಲಂಕೆಯನ್ನು ಎತ್ತಿ 800 ಕಿಲೋಮೀಟರ್ ದಕ್ಷಿಣಕ್ಕೆ ಇಟ್ಟುಬಿಟ್ಟರು. ಯಂತ್ರಕ್ಕಿಂತ ಭಿಕ್ಷುಗಳ ಹಟವನ್ನು ಬರೆದ ಭಾಗವೇ ಅದರಲ್ಲಿ ಹೆಚ್ಚು ಗಟ್ಟಿ. ಹ್ಯೂಗೊ, ನೆಬ್ಯುಲಾ ಎರಡೂ ಪ್ರಶಸ್ತಿ ಬಂದವು. ಅದೇ ವರ್ಷ ಮೊರಟುವ ವಿಶ್ವವಿದ್ಯಾಲಯದ ಕುಲಪತಿಯಾಗಿ 2002ರವರೆಗೆ ಆ ಸ್ಥಾನದಲ್ಲಿದ್ದರು. 2008ರ ಮಾರ್ಚ್ 19ರಂದು, ತೊಂಬತ್ತರ ವಯಸ್ಸಿನಲ್ಲಿ, ಕೊಲಂಬೊದಲ್ಲೇ ತೀರಿಕೊಂಡರು. ಯಾವ ಧರ್ಮದ ವಿಧಿಯೂ ಕೂಡದೆಂದು ಬರೆದಿಟ್ಟಿದ್ದರು, ಹಾಗೆಯೇ ಮಣ್ಣು ಮಾಡಿದರು.

ಭೂಮಿ ಪೂರ್ತಿ ಗುಂಡಗಿಲ್ಲವಾದ್ದರಿಂದ ಭೂಸ್ಥಿರ ಕಕ್ಷೆಯಲ್ಲಿ ಉಪಗ್ರಹಗಳು ತಾವಾಗಿ ನೆಟ್ಟಗೆ ನಿಲ್ಲುವುದಿಲ್ಲ, ಜಾರುತ್ತವೆ. ಜಾರಿ ಬಂದು ಅತ್ತಿತ್ತ ಓಲಾಡುವ ಎರಡು ತಗ್ಗುಗಳು ಅಲ್ಲಿವೆ. ಒಂದು ಅಮೆರಿಕದ ಕಡೆ. ಇನ್ನೊಂದು ಹಿಂದೂ ಮಹಾಸಾಗರದ ಮೇಲೆ, ಲಂಕೆಗೆ ಹತ್ತಿರದ ರೇಖಾಂಶದಲ್ಲಿ. ಕ್ಲಾರ್ಕ್‌ಗೆ ಇದು ಬಹಳ ಹೆಮ್ಮೆಯ ವಿಷಯವಾಗಿತ್ತು. ಆದರೆ ಆ ರೇಖಾಂಶ ಸುಮಾರು 75 ಡಿಗ್ರಿ ಪೂರ್ವ. ನಕ್ಷೆ ಹರಡಿ ನೋಡಿದರೆ ಅದು ಹಾದುಹೋಗುವುದು ಲಂಕೆಯ ಮೇಲಲ್ಲ, ಹುಬ್ಬಳ್ಳಿ-ಧಾರವಾಡದ ಮೇಲೆ. 1983ರ ಇನ್ಸಾಟ್-1ಬಿ, 2004ರಲ್ಲಿ ಪಾಠಕ್ಕೆಂದೇ ಹಾರಿಸಿದ ಎಜುಸ್ಯಾಟ್ ಎರಡನ್ನೂ ನಿಲ್ಲಿಸಿದ್ದು ಅದರ ಪಕ್ಕದಲ್ಲೇ, 74 ಡಿಗ್ರಿಯಲ್ಲಿ. ಇಂಥ ಉಪಗ್ರಹಗಳು ಜಾರದಂತೆ ಸಣ್ಣ ರಾಕೆಟ್ ಉರಿಸಿ ಜಾಗಕ್ಕೆ ತರುವ ಕೆಲಸ ಹಾಸನದ ನಿಯಂತ್ರಣ ಕೇಂದ್ರದ್ದು. 1945ರ ಲೇಖನ ಆಕಾಶದಲ್ಲಿ ಕೂರಿಸಿದ್ದ ಸಿಬ್ಬಂದಿ ಹಾಸನದ ನೆಲದ ಮೇಲೆ ಪಾಳಿಯಲ್ಲಿ ಕೆಲಸ ಮಾಡುತ್ತಿದ್ದಾರೆ.